ಸಂಘದ ಕಚೇರಿಗೆ ಅಂತರ್ಜಾಲ ದೂರವಾಣಿ: ಸಾಮಾನು ಕೊಳ್ಳುವ ಮುನ್ನ



ಅಡಿಕೆ ಟೆಂಡರಿನ ದಿನ ಬೆಳಿಗ್ಗೆ ಸಂಘಕ್ಕೆ ಫೋನು ಮಾಡಿ "ಇವತ್ತು ರಾಶಿಗೆ ಏನು ಧಾರಣೆ?" ಎಂದು ವಿಚಾರಿಸದ ಬೆಳೆಗಾರರು ನಮ್ಮಲ್ಲಿ ಕಡಿಮೆ. ಆ ಕರೆಗೆ ಉತ್ತರ ಸಿಗದಿದ್ದರೆ ಮಾಲು ಮನೆ ಬಾಗಿಲಿಗೆ ಬಂದ ವ್ಯಾಪಾರಿಯ ಪಾಲಾಗುತ್ತದೆ. ನಷ್ಟ ಬೆಳೆಗಾರರಿಗೂ ಹೌದು, ಸಂಘಕ್ಕೂ ಹೌದು. ಆದ್ದರಿಂದ ಕಚೇರಿಯ ಫೋನು ತಕ್ಕಡಿಯಷ್ಟೇ ಮುಖ್ಯವಾದ ಸಾಧನ. ತಾಮ್ರದ ತಂತಿಯ ಫೋನುಗಳು ಒಂದೊಂದಾಗಿ ಮರೆಯಾಗಿ ಅಂತರ್ಜಾಲದ ಮೂಲಕ ಮಾತನಾಡುವ ವ್ಯವಸ್ಥೆ ಬರುತ್ತಿರುವುದರಿಂದ, ಸಣ್ಣ ಕಚೇರಿಯವರು ಯಾವ ಸಾಮಾನು ಕೊಳ್ಳಬೇಕು, ಯಾವುದಕ್ಕೆ ದುಡ್ಡು ಹಾಕಬಾರದು ಎಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ.

ಉದಾಹರಣೆಗೆ ಬೆಳಗಾವಿ ಜಿಲ್ಲೆಯ ರಾಮದುರ್ಗವನ್ನು ತೆಗೆದುಕೊಳ್ಳುತ್ತೇವೆ. ಅದು ಅಡಿಕೆ ಕಾಫಿಯ ಊರಲ್ಲ. ಮಲಪ್ರಭೆಯ ದಂಡೆಯ ನೇಕಾರರ ಊರು, ಬಯಲುಸೀಮೆ. ಅಲ್ಲಿ ನಮ್ಮಂಥ ಸಂಘವೊಂದು ಅಡಿಕೆ, ಕಾಫಿಪುಡಿ ಮಾರಲು ಸಣ್ಣ ಕಚೇರಿ ತೆರೆಯಿತೆಂದು ಭಾವಿಸೋಣ. ಒಬ್ಬ ವ್ಯವಸ್ಥಾಪಕರು, ಇಬ್ಬರು ಗುಮಾಸ್ತರು, ಹಿಂಬದಿಗೆ ಒಂದು ಗೋದಾಮು. ಅಂದರೆ ನಾಲ್ಕು ಫೋನು. ಬೇಸಿಗೆಯ ಉರಿ, ಧೂಳು, ಆಗಾಗ ಹೋಗುವ ಕರೆಂಟು, ನದಿಯ ನೆರೆ, ಎಲ್ಲವೂ ಅಲ್ಲಿ ಉಂಟು. ಅಲ್ಲಿ ನಿಲ್ಲುವ ಸಾಮಾನು, ಸಿಡಿಲು ಮತ್ತು ಥಂಡಿಗೆ ಬೇಕಾದ ಕಾಳಜಿಯನ್ನು ಸೇರಿಸಿದರೆ, ಮಲೆನಾಡಿನಲ್ಲೂ ನಿಂತೀತು.

ಅದೇ ಜಿಲ್ಲೆಯ ಕಿತ್ತೂರನ್ನು ಇಲ್ಲಿ ನೆನೆಯಲೇಬೇಕು. ರಾಣಿ ಚೆನ್ನಮ್ಮನ ಊರೆಂದು ಎಲ್ಲರಿಗೂ ಗೊತ್ತು. ದೂರವಾಣಿಯ ಚರಿತ್ರೆಯಲ್ಲೂ ಅದಕ್ಕೊಂದು ಸ್ಥಾನವಿದೆಯೆಂಬುದು ಅಷ್ಟಾಗಿ ಗೊತ್ತಿಲ್ಲ. 1984ರಲ್ಲಿ ಕೇಂದ್ರ ಸರ್ಕಾರ ಸಿ-ಡಾಟ್ ಸಂಸ್ಥೆಯನ್ನು ಸ್ಥಾಪಿಸಿತು. ಸ್ಯಾಮ್ ಪಿತ್ರೋಡಾ ಅವರ ಮಾರ್ಗದರ್ಶನದಲ್ಲಿ ಅಲ್ಲಿನ ತರುಣ ಎಂಜಿನಿಯರುಗಳು ರೂಪಿಸಿದ 128 ದ್ವಾರಗಳ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರವನ್ನು ಮೊದಲಿಗೆ ಸ್ಥಾಪಿಸಿದ್ದು 1986ರಲ್ಲಿ, ಈ ಕಿತ್ತೂರಿನಲ್ಲಿ. ಆ ಯಂತ್ರಕ್ಕೆ ಹವಾನಿಯಂತ್ರಿತ ಕೋಣೆ ಬೇಕಿರಲಿಲ್ಲ. ನಮ್ಮ ಹಳ್ಳಿಯ ಸೆಕೆ, ಧೂಳುಗಳ ನಡುವೆ ಕೆಲಸ ಮಾಡಬೇಕೆಂದೇ ಅದನ್ನು ಮಾಡಿದ್ದರು. ಮುಂದೆ ದೇಶದ ಸಾವಿರಾರು ಹಳ್ಳಿಗಳಿಗೆ ಫೋನು ಹೋದದ್ದು ಇಂಥ ಪೆಟ್ಟಿಗೆಗಳಿಂದ. ಇಂದು ಅಂಗಡಿಯಲ್ಲಿ ಬಣ್ಣದ ಪರದೆಯ ಫೋನು ನೋಡಿ ಮರುಳಾಗುವ ಮೊದಲು, "ಇದು ನಮ್ಮ ಕೋಣೆಯಲ್ಲಿ, ನಮ್ಮ ಕರೆಂಟಿನಲ್ಲಿ ನಡೆಯುತ್ತದೆಯೇ?" ಎಂಬ ಆ ಎಂಜಿನಿಯರುಗಳ ಪ್ರಶ್ನೆಯನ್ನು ನಾವೂ ಕೇಳಬೇಕು.

ಕರೆಂಟಿನ ಮಾತನ್ನೇ ಮೊದಲು ಹೇಳುತ್ತೇವೆ, ಏಕೆಂದರೆ ಹೊಸ ಫೋನಿಗೂ ಹಳೆಯದಕ್ಕೂ ಇರುವ ದೊಡ್ಡ ವ್ಯತ್ಯಾಸ ಅದೇ. ಹಳೆಯ ಫೋನಿಗೆ ವಿದ್ಯುತ್ತು ತಂತಿಯಲ್ಲೇ ಬರುತ್ತಿತ್ತು. ವಿನಿಮಯ ಕೇಂದ್ರದ ಬ್ಯಾಟರಿಗಳು 48 ವೋಲ್ಟ್ ಕಳಿಸುತ್ತಿದ್ದವು. ಊರೆಲ್ಲ ಕತ್ತಲಾದರೂ ಫೋನು ಬದುಕಿರುತ್ತಿತ್ತು. ಈಗಿನ ಗಾಜಿನ ಎಳೆಯಲ್ಲಿ ಬೆಳಕು ಬರುತ್ತದೆಯೇ ಹೊರತು ವಿದ್ಯುತ್ತು ಬರುವುದಿಲ್ಲ. ಕಚೇರಿಯ ಕರೆಂಟು ಹೋದರೆ ಫೋನೂ ಹೋಯಿತು.

ಆದ್ದರಿಂದ ಲೆಕ್ಕ ಹಾಕೋಣ. ಫೈಬರ್ ಪೆಟ್ಟಿಗೆಗೆ ಸುಮಾರು 10 ವ್ಯಾಟ್, ತಂತಿಗಳನ್ನು ಕೂಡಿಸುವ ಸ್ವಿಚ್ಚಿಗೆ 5, ನಾಲ್ಕು ಫೋನುಗಳಿಗೆ ತಲಾ 5ರಂತೆ 20. ಒಟ್ಟು 35 ವ್ಯಾಟ್. ಒಂದು ಸಣ್ಣ ಬಲ್ಬಿನಷ್ಟು. 12 ವೋಲ್ಟಿನ 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1800 ವ್ಯಾಟ್-ಗಂಟೆ ಇರುತ್ತದೆ. ಬ್ಯಾಟರಿ ಬಾಳಬೇಕಾದರೆ ಅರ್ಧವನ್ನಷ್ಟೇ ಬಳಸಬೇಕು, ಅಂದರೆ 900. ಇನ್ವರ್ಟರ್ ತಾನೇ ತಿನ್ನುವುದನ್ನು ಸೇರಿಸಿ 50 ವ್ಯಾಟ್ ಎಂದು ಹಿಡಿದರೂ 18 ಗಂಟೆ ನಡೆಯುತ್ತದೆ. ಆದರೆ ಅದೇ ಇನ್ವರ್ಟರಿಗೆ ಎರಡು ಫ್ಯಾನು, ಮೂರು ಕಂಪ್ಯೂಟರು, ಪ್ರಿಂಟರು ಸೇರಿಸಿದರೆ ಮೂರು ಗಂಟೆಯೊಳಗೆ ಮುಗಿಯಬಹುದು. ಫೋನಿನ ಸಾಲನ್ನು ಬೇರೆಯಾಗಿಯೇ ಇಡಿ. ಇನ್ನೊಂದು ಮಾತು: ಕೆಲವು ಇನ್ವರ್ಟರುಗಳು ಬ್ಯಾಟರಿಗೆ ಬದಲಾಗುವಾಗ ಕಣ್ಣು ಮಿಟುಕಿಸುವಷ್ಟು ಹೊತ್ತು ವಿದ್ಯುತ್ತು ತಪ್ಪುತ್ತದೆ. ದೀಪಕ್ಕೆ ಅದು ತೊಂದರೆಯಲ್ಲ. ಆದರೆ ಫೈಬರ್ ಪೆಟ್ಟಿಗೆ ಆರಿ ಮತ್ತೆ ಎದ್ದೇಳಲು ಕೆಲವು ನಿಮಿಷ ಬೇಕು, ಅಷ್ಟರಲ್ಲಿ ಮಾತು ಕಡಿದಿರುತ್ತದೆ. ಇನ್ವರ್ಟರಿನ ಗುಂಡಿಯನ್ನು ಯುಪಿಎಸ್ ಕಡೆಗೆ ತಿರುಗಿಸಿಟ್ಟರೆ ಹೆಚ್ಚಾಗಿ ಇದು ತಪ್ಪುತ್ತದೆ.

ಇನ್ನು ಫೋನುಗಳು. ಹೊಸದನ್ನು ಕೊಳ್ಳುವ ಮೊದಲು ಇರುವುದನ್ನು ನೋಡಿ. ಅನೇಕ ಫೈಬರ್ ಪೆಟ್ಟಿಗೆಗಳ ಹಿಂಬದಿಯಲ್ಲಿ ಹಳೆಯ ಫೋನು ಸಿಕ್ಕಿಸುವ ಒಂದೆರಡು ಕಿಂಡಿಗಳು ಇರುತ್ತವೆ. ಸಂಪರ್ಕ ಕೊಟ್ಟ ಕಂಪನಿಯೇ ಅದಕ್ಕೊಂದು ನಂಬರು ಕೊಡುತ್ತದೆ. ಅದೂ ಅಂತರ್ಜಾಲ ದೂರವಾಣಿಯೇ. ಒಂದೇ ಫೋನು ಸಾಕೆನ್ನುವ ಕಚೇರಿ ಇನ್ನೇನನ್ನೂ ಕೊಳ್ಳಬೇಕಿಲ್ಲ. ಉಳಿದ ದುಡ್ಡನ್ನು ಬ್ಯಾಟರಿಗೆ ಹಾಕಲಿ.

ನಾಲ್ಕು ಫೋನು ಬೇಕೆನ್ನುವವರಿಗೆ ಎರಡು ದಾರಿ. ಹಳೆಯ ಫೋನುಗಳು ಚೆನ್ನಾಗಿದ್ದರೆ ಎಟಿಎ ಎಂಬ ಪರಿವರ್ತಕ ಪೆಟ್ಟಿಗೆ ತಂದು ಅವನ್ನೇ ಉಳಿಸಿಕೊಳ್ಳಬಹುದು. ಅದನ್ನು ಕೊಳ್ಳುವಾಗ ಕಿಂಡಿಯ ಹೆಸರು ನೋಡಬೇಕು. ಎಫ್‌ಎಕ್ಸ್‌ಎಸ್ ಎಂಬುದು ಫೋನಿಗೆ ವಿದ್ಯುತ್ತು, ಗಂಟೆ ಕೊಡುವ ಕಿಂಡಿ. ಫೋನು ಸಿಕ್ಕಿಸುವುದು ಅಲ್ಲಿ. ಎಫ್‌ಎಕ್ಸ್‌ಓ ಎಂಬುದು ಹೊರಗಿನ ದೂರವಾಣಿ ತಂತಿಯನ್ನು ಬರಮಾಡಿಕೊಳ್ಳುವ ಕಿಂಡಿ. ಒಂದು ಗದ್ದೆಗೆ ನೀರು ಬಿಡುವ ತೂಬಿನಂತೆ, ಇನ್ನೊಂದು ಕಾಲುವೆಯಿಂದ ನೀರು ಬರುವ ಬಾಯಿಯಂತೆ. ಅಂಗಡಿಯವರೇ ಇವೆರಡನ್ನು ಅದಲುಬದಲು ಮಾಡಿ ಕೊಡುವುದುಂಟು. ಬೆರಳಿಟ್ಟು ತಿರುಗಿಸುವ ತೀರ ಹಳೆಯ ಫೋನಿನ ಭಾಷೆ ಎಲ್ಲ ಪರಿವರ್ತಕಗಳಿಗೂ ತಿಳಿಯದು, ಅದನ್ನೂ ಕೇಳಿಕೊಳ್ಳಿ.

ಎರಡನೆಯ ದಾರಿ ಐಪಿ ಫೋನು. ಇದರಲ್ಲಿ ನಮ್ಮ ಸಲಹೆ ಪರದೆಯ ಬಗ್ಗೆ ಅಲ್ಲ, ತಂತಿಯ ಬಗ್ಗೆ. ಜಾಲದ ತಂತಿಯಲ್ಲೇ ವಿದ್ಯುತ್ತನ್ನೂ ಪಡೆಯುವ, ಪಿಓಇ ಎನ್ನುವ ಸೌಕರ್ಯವುಳ್ಳ ಫೋನನ್ನೂ ಅದಕ್ಕೆ ತಕ್ಕ ಸ್ವಿಚ್ಚನ್ನೂ ಕೊಳ್ಳಿ. ಆಗ ಪ್ರತಿ ಮೇಜಿಗೂ ಅಡಾಪ್ಟರು ಬೇಡ. ಬ್ಯಾಟರಿ ಒಂದೇ ಕಡೆ ಇದ್ದರೂ ನಾಲ್ಕೂ ಫೋನು ಬದುಕುತ್ತವೆ. ಅಡಾಪ್ಟರು ಬೇಕೇ ಆದರೆ ಬಿಐಎಸ್ ನೋಂದಣಿ ಸಂಖ್ಯೆ ಇರುವುದನ್ನೇ ತನ್ನಿ. ಅಗ್ಗದ ತಂತಿಯಲ್ಲಿ ಅಲ್ಯೂಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟಿರುತ್ತಾರೆ. ಒಂದೆಳೆ ಕತ್ತರಿಸಿ ತುದಿಯನ್ನು ಕೆರೆದು ನೋಡಿ, ಬೆಳ್ಳಗೆ ಕಂಡರೆ ವಾಪಸು ಕೊಡಿ. ಅದು ವಿದ್ಯುತ್ತು ಹೊರುವ ತಂತಿಯಲ್ಲ.

ಅಂತರ್ಜಾಲದ ವೇಗದ ಬಗ್ಗೆ ಹೆಚ್ಚು ಚಿಂತೆ ಬೇಡ. ಒಂದು ಮಾತುಕತೆಗೆ ಹೋಗಲು 100 ಕಿಲೋಬಿಟ್, ಬರಲು ಅಷ್ಟೇ. ನಾಲ್ಕು ಜನ ಒಮ್ಮೆಗೆ ಮಾತಾಡಿದರೂ ಅರ್ಧ ಮೆಗಾಬಿಟ್ ದಾಟದು. ಮಾತು ಕೆಡುವುದು ತಡದಿಂದ. ದನಿಯನ್ನು ಸೆಕೆಂಡಿಗೆ 50 ತುಣುಕು ಮಾಡಿ ಕಳಿಸುತ್ತಾರೆ. ಗುಮಾಸ್ತರು ಅದೇ ಹೊತ್ತಿಗೆ ದೊಡ್ಡ ಕಡತ ಕಳಿಸಿದರೆ ತುಣುಕುಗಳು ಸಾಲಿನಲ್ಲಿ ನಿಲ್ಲುತ್ತವೆ, ದನಿ ತೊದಲುತ್ತದೆ. ದನಿಗೆ ಮೊದಲ ದಾರಿ ಬಿಡುವ ಏರ್ಪಾಡು ಇರುವ ರೂಟರು ಇದ್ದರೆ ಈ ಕಾಟವಿಲ್ಲ.

ಗೋದಾಮಿನ ವಿಚಾರದಲ್ಲಿ ಮಲೆನಾಡಿನವರು ಕಿವಿಗೊಡಬೇಕು. ಸಾಮಾನ್ಯ ಜಾಲದ ತಂತಿ 100 ಮೀಟರಿಗಿಂತ ಉದ್ದ ಹೋಗಬಾರದು. ಅದಕ್ಕಿಂತ ದೊಡ್ಡ ಅಪಾಯ ಸಿಡಿಲು. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಯಲ್ಲಿ, ಎರಡು ಕಟ್ಟಡಗಳ ನಡುವೆ ಬಯಲಲ್ಲಿ ಎಳೆದ ತಾಮ್ರದ ತಂತಿ ಮಿಂಚಿನ ಹೊಡೆತವನ್ನು ಒಳಗೆ ಕರೆತಂದು ಸ್ವಿಚ್ಚಿನಿಂದ ಫೋನಿನವರೆಗೆ ಎಲ್ಲವನ್ನೂ ಸುಡಬಲ್ಲದು. ಅಷ್ಟು ದೂರಕ್ಕೆ ಲೋಹದ ಎಳೆ ಇಲ್ಲದ ಫೈಬರ್ ಎಳೆದು ಎರಡೂ ತುದಿಗೆ ಪರಿವರ್ತಕ ಹಾಕುವುದು ಕ್ಷೇಮ. ಗೋದಾಮು ಹತ್ತಿರದಲ್ಲೇ ಇದ್ದರೆ ಕೈಯಲ್ಲಿ ಹಿಡಿದು ಓಡಾಡುವ ತಂತಿರಹಿತ ಫೋನು ಸಾಕು. ಮೂಟೆ ಎಣಿಸುವವರಿಗೆ ಅದೇ ಅನುಕೂಲ.

ಪೆಟ್ಟಿಗೆಗಳನ್ನು ನೆಲದ ಮೇಲೆ, ಮೇಜಿನಡಿ ಇಡಬೇಡಿ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲೂಕಿನ ಊರುಗಳಿಗೆ ನುಗ್ಗಿತು. ಹಿಂದಿನ ವರ್ಷದ ಆಗಸ್ಟಿನಲ್ಲಿ ಕೊಡಗಿನಲ್ಲಿ ಆದದ್ದು ಕಾಫಿ ಬೆಳೆಗಾರರಿಗೆ ಮರೆಯುವಂಥದ್ದಲ್ಲ. ಗೋಡೆಯ ಮೇಲೆ ತಲೆಯೆತ್ತರದಲ್ಲಿ, ಗಾಳಿಯಾಡುವ ಕಡೆ ಮೊಳೆ ಹೊಡೆದರೆ ಖರ್ಚೇನೂ ಇಲ್ಲ.

ಕರೆಗಳನ್ನು ಹಂಚುವ ಸ್ವಂತ ಯಂತ್ರ, ಪಿಬಿಎಕ್ಸ್, ಬೇಕೇ? ಸಣ್ಣ ಕಂಪ್ಯೂಟರಿನಲ್ಲಿ ಆಸ್ಟರಿಸ್ಕ್ ಎಂಬ ಉಚಿತ ತಂತ್ರಾಂಶ ಹಾಕಿ ಅದನ್ನು ಮಾಡಿಕೊಳ್ಳಬಹುದು, ಬಹಳ ಸೊಗಸಾಗಿಯೂ ನಡೆಯುತ್ತದೆ. ಆದರೆ ಅದು ಕೆಟ್ಟ ದಿನ ರಿಪೇರಿ ಮಾಡುವವರು ಊರಲ್ಲಿದ್ದಾರೆಯೇ? ಇಲ್ಲದಿದ್ದರೆ ಹತ್ತು ಫೋನಿನೊಳಗಿನ ಕಚೇರಿಗೆ ಕಂಪನಿಯವರೇ ತಮ್ಮಲ್ಲಿ ನಡೆಸಿಕೊಡುವ ಸೇವೆ ಸಾಕೆಂದು ನಮ್ಮ ಅಭಿಪ್ರಾಯ. ನಂಬರನ್ನು ಸರ್ಕಾರದ ಪರವಾನಗಿ ಇರುವ ಕಂಪನಿಯಿಂದಲೇ ಪಡೆಯಬೇಕು. ಯಂತ್ರ ಬಂದ ದಿನವೇ ಅದರೊಡನೆ ಬಂದ ಗುಪ್ತಪದವನ್ನು ಬದಲಿಸಿ, ವಿದೇಶದ ಕರೆಗಳನ್ನು ಮುಚ್ಚಿಸಿ. ಕಳ್ಳರು ರಾತ್ರಿಯಲ್ಲಿ ಇಂಥ ಯಂತ್ರದೊಳಗೆ ಹೊಕ್ಕು ಹೊರದೇಶಕ್ಕೆ ಕರೆ ಮಾಡಿ ಬಿಲ್ಲನ್ನು ಯಜಮಾನನ ತಲೆಗೆ ಕಟ್ಟುವುದು ಲೋಕದೆಲ್ಲೆಡೆ ನಡೆದಿದೆ.

ಇಷ್ಟೆಲ್ಲ ಆದ ಮೇಲೂ ಒಂದು ಸಾಧಾರಣ ಮೊಬೈಲನ್ನು, ಫೈಬರ್ ಕೊಟ್ಟವರದ್ದಲ್ಲದ ಬೇರೆ ಕಂಪನಿಯ ಸಿಮ್ ಹಾಕಿ, ಚಾರ್ಜು ಮಾಡಿ ಕಚೇರಿಯಲ್ಲಿಡಿ. ಫೈಬರಿನ ಇನ್ನೊಂದು ತುದಿಯ ಕರೆಂಟು ನಮ್ಮ ಕೈಯಲ್ಲಿಲ್ಲ. ಮರದಿಂದ ಬಿದ್ದ ಕೊನೆಗಾರರಿಗೆ, ಹಾವು ಕಡಿದ ಕೆಲಸದವರಿಗೆ ನೆರವು ಕರೆಯಬೇಕಾದಾಗ ಅಂತರ್ಜಾಲದ ಫೋನಿನಿಂದ 112ಕ್ಕೆ ಕರೆ ಹೋಗುತ್ತದೆಂದೂ, ನೀವೆಲ್ಲಿದ್ದೀರಿ ಎಂಬುದು ಅವರಿಗೆ ಸರಿಯಾಗಿ ತಿಳಿಯುತ್ತದೆಂದೂ ನಂಬಿ ಕೂರಬಾರದು.

ಸಾಮಾನು ಜೋಡಿಸಿದವರಿಗೆ ಪೂರ್ತಿ ಹಣ ಕೊಡುವ ಮುನ್ನ ಅವರ ಎದುರಿಗೇ ಪರೀಕ್ಷೆ ಮಾಡಿ. ನಾಲ್ಕೂ ಫೋನಿನಲ್ಲಿ ನಾಲ್ವರು ಹೊರಗಿನವರೊಡನೆ ಮಾತಾಡುತ್ತಿರಲಿ, ಒಂದು ಕಂಪ್ಯೂಟರಿನಿಂದ ದೊಡ್ಡ ಕಡತವೊಂದು ಹೋಗುತ್ತಿರಲಿ. ಆಗ ಮೀಟರಿನ ಬಳಿಯ ಮುಖ್ಯ ಗುಂಡಿಯನ್ನು ಆರಿಸಿ. ಮಾತು ಕಡಿಯದೆ ನಡೆದರೆ, ಚಹಾ ತರಿಸಿ ಅರ್ಧ ಗಂಟೆ ಅವರನ್ನು ಅಲ್ಲೇ ಕೂರಿಸಿಕೊಂಡು ಇನ್ನೊಮ್ಮೆ ನಾಲ್ಕೂ ಕಡೆಯಿಂದ ಕರೆ ಮಾಡಿಸಿ, ಆಮೇಲೆ ಚೆಕ್ಕಿಗೆ ಸಹಿ ಹಾಕಿ.