ಕಡಲ ನೀರಿನಲ್ಲಿ ಕರಗಿದ ಅನಿಲಗಳ ಅಳತೆ

ಒಲೆಯ ಮೇಲಿಟ್ಟ ನೀರು ಕುದಿಯುವುದಕ್ಕೆ ಬಹು ಮೊದಲೇ ಪಾತ್ರೆಯ ಒಳಮೈಗೆ ಸಣ್ಣ ಸಣ್ಣ ಗುಳ್ಳೆಗಳು ಅಂಟಿಕೊಳ್ಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ನೀರಿನಲ್ಲಿ ಕರಗಿದ್ದ ಗಾಳಿಯೇ ಹಾಗೆ ಹೊರಬರುತ್ತದೆ. ನೀರು ತಣ್ಣಗಿದ್ದಷ್ಟೂ ಅನಿಲ ಹೆಚ್ಚಾಗಿ ಕರಗುತ್ತದೆ, ಬಿಸಿಯಾದಷ್ಟೂ ಕಡಿಮೆ. ಕಾಸರಗೋಡಿನ ತೀರದಿಂದ ನಮಗೆ ಕಾಣುವ ಅರಬ್ಬೀ ಸಮುದ್ರಕ್ಕೂ ಧ್ರುವಪ್ರದೇಶದ ಕಡಲಿಗೂ ಈ ನಿಯಮ ಒಂದೇ.

ಶೀತಕ ಯಂತ್ರಗಳಿಗಾಗಿ 1930ರ ದಶಕದಿಂದ ತಯಾರಾದ ಕ್ಲೋರೋಫ್ಲೋರೋಕಾರ್ಬನ್ ಎಂಬ ಅನಿಲಗಳು ಗಾಳಿಗೆ ಸೋರಿ, ಅಲ್ಲಿಂದ ಕಡಲನ್ನೂ ಸೇರಿದವು. ಆದರೆ ಒಂದು ಕಿಲೋಗ್ರಾಂ ನೀರಿನಲ್ಲಿ ಇಂತಹ ಒಂದು ಅನಿಲದ ಅಂಶವು, ಗ್ರಾಮಿನ ನೂರು ಕೋಟಿ ಪಾಲುಗಳಲ್ಲಿ ಒಂದು ಪಾಲಿನ ಆಸುಪಾಸಿನಲ್ಲಿರುತ್ತದೆ. ಇದನ್ನು ಅಳೆಯುವುದೆಂತು?

ಬ್ರಿಟನ್ನಿನ ವಿಜ್ಞಾನಿ ಜೇಮ್ಸ್ ಲವ್‌ಲಾಕರು 1957ರಲ್ಲಿ ರಚಿಸಿದ ಉಪಕರಣವು ಇದಕ್ಕೆ ದಾರಿ ತೋರಿತು. ಅದರೊಳಗಿನ ವಿಕಿರಣಶೀಲ ವಸ್ತುವಿನಿಂದಾಗಿ ಎಲೆಕ್ಟ್ರಾನುಗಳ ಸಣ್ಣ ಪ್ರವಾಹವೊಂದು ಸದಾ ಹರಿಯುತ್ತಿರುತ್ತದೆ. ಕ್ಲೋರಿನ್ನುಳ್ಳ ಅಣುಗಳು ಎಲೆಕ್ಟ್ರಾನುಗಳನ್ನು ಹಿಡಿದುಕೊಳ್ಳುವುದರಿಂದ ಪ್ರವಾಹ ಕುಗ್ಗುತ್ತದೆ. ಎಷ್ಟು ಕುಗ್ಗಿತೆಂಬುದೇ ಅಳತೆ. 1971–72ರಲ್ಲಿ ಲವ್‌ಲಾಕರು ಷ್ಯಾಕಲ್‌ಟನ್ ಎಂಬ ಹಡಗಿನಲ್ಲಿ ಈ ಉಪಕರಣವನ್ನು ಒಯ್ದು, ಅಟ್ಲಾಂಟಿಕ್ ಸಾಗರದ ಗಾಳಿಯಲ್ಲಿಯೂ ನೀರಿನಲ್ಲಿಯೂ ಈ ಅನಿಲಗಳನ್ನು ಗುರುತಿಸಿದರು.

ಈಗಿನ ಕ್ರಮ ಹೀಗಿದೆ. ಎರಡು ಬಾಯಿಗಳೂ ತೆರೆದಿರುವ ಕೊಳವೆಯಂತಹ ಸೀಸೆಯನ್ನು ಕಡಲೊಳಗೆ ಇಳಿಸಿ, ಬೇಕಾದ ಆಳದಲ್ಲಿ ಮುಚ್ಚುತ್ತಾರೆ. ಮೇಲೆ ತಂದೊಡನೆ, ಬೇರೆ ಯಾವ ಪರೀಕ್ಷೆಗೂ ಮೊದಲು, ಗಾಳಿ ಸೋಂಕದಂತೆ ಗಾಜಿನ ಪಿಚಕಾರಿಗೆ ನೀರನ್ನು ಎಳೆದುಕೊಳ್ಳುತ್ತಾರೆ. ಆ ನೀರಿನೊಳಗೆ ಶುದ್ಧ ಸಾರಜನಕವನ್ನು ಗುಳ್ಳೆಗಳಾಗಿ ಹಾಯಿಸಿದರೆ ಕರಗಿದ ಅನಿಲಗಳು ಹೊರಬರುತ್ತವೆ. ಅವನ್ನು ಅತಿ ಶೀತಲವಾದ ನಳಿಗೆಯಲ್ಲಿ ಹಿಡಿದು, ಬಳಿಕ ಕಾಯಿಸಿ, ಉದ್ದನೆಯ ಕಿರುನಳಿಗೆಯಲ್ಲಿ ಬೇರ್ಪಡಿಸಿ, ಒಂದೊಂದನ್ನೂ ಉಪಕರಣದಿಂದ ಅಳೆದು, ಪ್ರಮಾಣ ಗೊತ್ತಿರುವ ಅನಿಲದೊಡನೆ ಹೋಲಿಸುತ್ತಾರೆ. ಹಡಗಿನ ಶೀತಕ ಪೆಟ್ಟಿಗೆಯಿಂದ ತುಸು ಸೋರಿದರೂ ಶ್ರಮವೆಲ್ಲ ವ್ಯರ್ಥ!

ಇಷ್ಟು ಕಷ್ಟವೇಕೆ? ಗಾಳಿಯಲ್ಲಿ ಈ ಅನಿಲಗಳು ವರ್ಷವರ್ಷಕ್ಕೆ ಹೇಗೆ ಏರಿದವೆಂಬುದು ತಿಳಿದಿದೆ. ಆದುದರಿಂದ ಆಳದ ನೀರು ಕೊನೆಯ ಬಾರಿ ಗಾಳಿಯನ್ನು ಮುಟ್ಟಿದ್ದು ಯಾವಾಗ ಎಂಬುದನ್ನು ಅಂದಾಜು ಮಾಡಬಹುದು. ಮುಳುಗುವ ನೀರು ಗಾಳಿಯ ತಾಪವನ್ನೂ ಇಂಗಾಲಾಮ್ಲವನ್ನೂ ತನ್ನೊಡನೆ ಕೆಳಗೆ ಒಯ್ಯುತ್ತದೆ. ಭೂಮಿಯ ಹವೆ ಮುಂದೆ ಹೇಗೆ ಬದಲಾದೀತೆಂಬ ವಿಚಾರಕ್ಕೆ ಈ ಲೆಕ್ಕ ಅತ್ಯಗತ್ಯ.

ಇನ್ನೊಂದು ಪಾಠವೂ ಇಲ್ಲಿದೆ. ಈ ಅನಿಲಗಳಿಂದ ಯಾವ ಅಪಾಯವೂ ಇಲ್ಲವೆಂದು ಲವ್‌ಲಾಕರು 1973ರಲ್ಲಿ ಬರೆದರು. ಮರುವರ್ಷವೇ ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು, ಇವು ಭೂಮಿಯನ್ನು ಕಾಯುವ ಓಜೋನ್ ಪದರವನ್ನು ನಾಶಮಾಡಬಲ್ಲವೆಂದು ತೋರಿಸಿದರು. 1987ರ ಮಾಂಟ್ರಿಯಲ್ ಒಪ್ಪಂದವು ಇವುಗಳ ತಯಾರಿಕೆಗೆ ಕಡಿವಾಣ ಹಾಕಿತು. ಲವ್‌ಲಾಕರ ಅಭಿಪ್ರಾಯ ತಪ್ಪಾಯಿತು. ಅವರ ಅಳತೆ ಮಾತ್ರ ಉಳಿಯಿತು, ಲೋಕಕ್ಕೆ ಉಪಕಾರವನ್ನೂ ಮಾಡಿತು. ವಿದ್ಯಾರ್ಥಿಗಳಾದ ನಾವು ಪ್ರಯೋಗದ ಪುಸ್ತಕದಲ್ಲಿ, ಬರಬೇಕೆಂದು ಎಣಿಸಿದ ಅಂಕಿಯನ್ನಲ್ಲ, ಕಂಡ ಅಂಕಿಯನ್ನೇ ಬರೆಯಬೇಕಾದುದು ಇದಕ್ಕಾಗಿಯೇ.