ಅನ್ನ ಬಿಟ್ಟವರ ಆರೋಗ್ಯ

(ಅಂತಿಮ ಬಿ.ಎ. ತರಗತಿ)

ರೋಗಿಗೆ ಪಥ್ಯ ಹೇಳುವುದು ನಮ್ಮಲ್ಲಿ ಹೊಸ ಸಂಗತಿಯಲ್ಲ. ಜ್ವರ ಬಂದವನಿಗೆ ಗಂಜಿ, ಬಾಣಂತಿಗೆ ಮೆಣಸಿನ ಸಾರು, ಅಜೀರ್ಣವಾದವನಿಗೆ ಲಂಘನ, ಹೀಗೆ ಒಂದೊಂದು ಸ್ಥಿತಿಗೆ ಒಂದೊಂದು ಕಟ್ಟಳೆಯನ್ನು ಹಿರಿಯರು ಮಾಡಿಟ್ಟಿದ್ದಾರೆ. ಆದರೆ ಆ ಪಥ್ಯಗಳೆಲ್ಲ ನಾಲ್ಕು ದಿನದವು, ಹೆಚ್ಚೆಂದರೆ ಒಂದೆರಡು ತಿಂಗಳಿನವು. ಈಚೆಗೆ ಪಟ್ಟಣಗಳಲ್ಲಿಯೂ, ಪಟ್ಟಣದ ಮಾತು ಮುಟ್ಟಿದ ಹಳ್ಳಿಗಳಲ್ಲಿಯೂ ಕೇಳಿಬರುತ್ತಿರುವ ಪಥ್ಯ ಬೇರೆ ಬಗೆಯದು. ಅನ್ನ ಬಿಡಬೇಕು, ಮುದ್ದೆ ಬಿಡಬೇಕು, ರೊಟ್ಟಿ ಬಿಡಬೇಕು. ಬಿಟ್ಟು ಜೀವಮಾನವೆಲ್ಲ ಹಾಗೆಯೇ ಇರಬೇಕು ಎಂದು ಅದು ಹೇಳುತ್ತದೆ. ಮೈ ಇಳಿಯುತ್ತದೆ, ಸಕ್ಕರೆ ಕಾಯಿಲೆ ಹಿಡಿತಕ್ಕೆ ಬರುತ್ತದೆ ಎಂಬುದು ಅದರ ಭರವಸೆ. ಅನ್ನವೆಂದರೆ ಆಹಾರವೆಂದೇ ಅರ್ಥವಿರುವ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಅಕ್ಕಿ, ರಾಗಿ, ಜೋಳ, ಗೋಧಿ, ಗೆಣಸು, ಬೆಲ್ಲ ಇವೆಲ್ಲದರಲ್ಲಿ ಮುಖ್ಯವಾಗಿರುವ ವಸ್ತುವನ್ನು ಶಾಸ್ತ್ರಜ್ಞರು ಕಾರ್ಬೋಹೈಡ್ರೇಟ್ ಎನ್ನುತ್ತಾರೆ; ನಮ್ಮ ಪಠ್ಯಪುಸ್ತಕಗಳಲ್ಲಿ ಅದು ಶರ್ಕರಪಿಷ್ಟ. ಇದನ್ನು ಬಹಳವಾಗಿ ಕಡಿಮೆ ಮಾಡಿ ವರ್ಷಗಟ್ಟಲೆ ಬದುಕಿದವರಿಗೆ ಏನಾಗುತ್ತದೆ ಎಂಬುದೇ ಇಲ್ಲಿಯ ಪ್ರಶ್ನೆ. ನಾನು ಓದುತ್ತಿರುವುದು ಇತಿಹಾಸವೇ ಹೊರತು ವೈದ್ಯಶಾಸ್ತ್ರವಲ್ಲ. ಆದರೂ ಒಂದು ಹೇಳಿಕೆ ಮುಂದೆ ಬಂದಾಗ, ಇದನ್ನು ಹೇಳಿದವರು ಯಾರು, ಎಷ್ಟು ಜನರನ್ನು ನೋಡಿ, ಎಷ್ಟು ಕಾಲ ನೋಡಿ ಹೇಳಿದರು ಎಂದು ವಿಚಾರಿಸುವುದು ನಮ್ಮ ಪಾಠದ ಕ್ರಮ. ಆ ಕ್ರಮವನ್ನೇ ಈ ಪಥ್ಯಕ್ಕೂ ಹಚ್ಚಿ ನೋಡಬಹುದು.

ಮೊದಲನೆಯ ಸಾಕ್ಷಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್. ಶವಸಂಸ್ಕಾರದ ಏರ್ಪಾಡು ಮಾಡುವುದು ಅವನ ಮನೆತನದ ವೃತ್ತಿ. ಇಂಗ್ಲೆಂಡಿನ ರಾಜಮನೆತನದ ಅಂತ್ಯಕ್ರಿಯೆಗಳೂ ಆ ಮನೆಯವರ ಪಾಲಿಗೆ ಬರುತ್ತಿದ್ದವು. ೧೮೬೨ರಲ್ಲಿ ಅವನ ಎತ್ತರ ಐದು ಅಡಿ ಐದು ಅಂಗುಲ, ತೂಕ ೨೦೨ ಪೌಂಡು, ಎಂದರೆ ಸುಮಾರು ೯೨ ಕಿಲೋ. ಬಗ್ಗಿ ಪಾದರಕ್ಷೆಯ ದಾರ ಕಟ್ಟಿಕೊಳ್ಳಲಾಗುತ್ತಿರಲಿಲ್ಲ. ಮಹಡಿಯಿಂದ ಹಿಮ್ಮುಖವಾಗಿ ಇಳಿಯುತ್ತಿದ್ದ. ದೋಣಿಗೆ ಹುಟ್ಟು ಹಾಕಿ ನೋಡಿದ, ಹಸಿವು ಹೆಚ್ಚಿತು. ಬಿಸಿ ಹಬೆಯ ಸ್ನಾನ ಮಾಡಿದ, ಇಳಿದದ್ದು ಅಲ್ಪ. ಕೊನೆಗೆ ಕಿವಿ ಮಂದವಾಯಿತೆಂದು ಹೋದಾಗ ವಿಲಿಯಂ ಹಾರ್ವೆ ಎಂಬ ವೈದ್ಯ ಅವನಿಗೆ ಬ್ರೆಡ್ಡು, ಸಕ್ಕರೆ, ಆಲೂಗೆಡ್ಡೆ, ಹಾಲು, ಬಿಯರ್ ಇವನ್ನು ಬಿಡಿಸಿದ. ಯಕೃತ್ತಿಗೂ ಸಕ್ಕರೆಗೂ ಇರುವ ಸಂಬಂಧವನ್ನು ಕುರಿತು ಕ್ಲೋಡ್ ಬರ್ನಾರ್ ಎಂಬ ಶಾಸ್ತ್ರಜ್ಞ ಪ್ಯಾರಿಸ್ಸಿನಲ್ಲಿ ನೀಡಿದ ಉಪನ್ಯಾಸಗಳಿಂದ ಹಾರ್ವೆಗೆ ಈ ಯೋಚನೆ ಹುಟ್ಟಿತ್ತು. ಒಂದು ವರ್ಷದಲ್ಲಿ ಬ್ಯಾಂಟಿಂಗನ ತೂಕ ೪೬ ಪೌಂಡು ಇಳಿಯಿತು. ಸಂತೋಷದಿಂದ ೧೮೬೩ರಲ್ಲಿ ತನ್ನ ಅನುಭವವನ್ನು ಚಿಕ್ಕ ಪುಸ್ತಕವಾಗಿ ಅಚ್ಚು ಹಾಕಿಸಿ ಹಂಚಿದ. ಅವನ ಹೆಸರೇ ಕ್ರಿಯಾಪದವಾಯಿತು. ಸ್ವೀಡನ್ನಿನ ಭಾಷೆಯಲ್ಲಿ ಮೈ ಇಳಿಸುವ ಪಥ್ಯಕ್ಕೆ ಇಂದಿಗೂ ‘ಬಾಂಟಾ’ ಎಂದೇ ಹೇಳುತ್ತಾರೆ. ಅವನು ೧೮೭೮ರವರೆಗೆ, ಎಂಬತ್ತು ದಾಟಿ ಬದುಕಿದ. ಸಾಕ್ಷಿ ಸತ್ಯವಂತ. ಆದರೆ ಒಬ್ಬನೇ ಒಬ್ಬ.

ಎರಡನೆಯ ಸಾಕ್ಷಿ ಉತ್ತರಧ್ರುವ ಪ್ರದೇಶದ ಅನ್ವೇಷಕ ವಿಲ್ಯಾಲ್ಮರ್ ಸ್ಟೆಫಾನ್ಸನ್. ಹಿಮನಾಡಿನ ಇನ್ಯೂಯಿಟ್ ಜನರೊಡನೆ ವರ್ಷಗಳ ಕಾಲ ಮೀನು ಮಾಂಸಗಳಲ್ಲೇ ಬದುಕಿ ಬಂದ ಆತನ ಮಾತನ್ನು ವೈದ್ಯರು ನಂಬಲಿಲ್ಲ. ಆಗ ಅವನೂ ಆಂಡರ್ಸನ್ ಎಂಬ ಜೊತೆಗಾರನೂ ೧೯೨೮ರಲ್ಲಿ ನ್ಯೂಯಾರ್ಕಿನ ಬೆಲ್ವ್ಯೂ ಆಸ್ಪತ್ರೆಯ ವೈದ್ಯರ ನಿಗಾವಣೆಯಲ್ಲಿ ಒಂದು ವರ್ಷ ಬರಿಯ ಮಾಂಸವನ್ನೇ ತಿಂದರು. ಕೊಬ್ಬಿಲ್ಲದ ಮಾಂಸ ಮಾತ್ರ ಕೊಟ್ಟ ಮೊದಲ ದಿನಗಳಲ್ಲಿ ಸ್ಟೆಫಾನ್ಸನ್ನನಿಗೆ ಹೊಟ್ಟೆ ಕೆಟ್ಟಿತು. ಕೊಬ್ಬು ಸೇರಿಸಿದೊಡನೆ ಸರಿಹೋಯಿತು. ವರ್ಷದ ಕೊನೆಗೆ ಮೂತ್ರಪಿಂಡ ಕೆಡಲಿಲ್ಲ, ರಕ್ತದ ಒತ್ತಡ ಏರಲಿಲ್ಲ. ಈ ಪರೀಕ್ಷೆಗೆ ಹಣ ಒದಗಿಸಿದ್ದು ಅಮೆರಿಕದ ಮಾಂಸ ವ್ಯಾಪಾರಿಗಳ ಸಂಸ್ಥೆ ಎಂಬುದನ್ನು ಇತಿಹಾಸದ ವಿದ್ಯಾರ್ಥಿ ಮರೆಯಬಾರದು. ಹಣ ಕೊಟ್ಟ ಮಾತ್ರಕ್ಕೆ ಫಲ ಸುಳ್ಳಾಗುವುದಿಲ್ಲ. ಇಬ್ಬರು ಮನುಷ್ಯರು ಮತ್ತು ಒಂದು ವರ್ಷ ಎಂಬುದು ಮಾತ್ರ ಬಹಳ ಸಣ್ಣ ಆಧಾರ.

ಇನ್ನು ದೇಹದೊಳಗೆ ನಡೆಯುವುದೇನು? ನಾವು ತಿಂದ ಪಿಷ್ಟ ಗ್ಲೂಕೋಸಾಗಿ ರಕ್ತವನ್ನು ಸೇರುತ್ತದೆ. ಮಿಕ್ಕದ್ದರಲ್ಲಿ ಒಂದು ಭಾಗ ಗ್ಲೈಕೋಜನ್ ಎಂಬ ರೂಪದಲ್ಲಿ ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಶೇಖರವಾಗುತ್ತದೆ. ಎರಡೂ ಸೇರಿ ಸುಮಾರು ಅರ್ಧ ಕಿಲೋ. ಈ ಕಣಜ ತನ್ನ ತೂಕದ ಮೂರು ಪಾಲು ನೀರನ್ನು ಹಿಡಿದುಕೊಂಡಿರುತ್ತದೆ. ಅನ್ನ ಬಿಟ್ಟ ಮೊದಲ ವಾರ ಕಣಜ ಬರಿದಾಗುತ್ತದೆ, ನೀರು ಹೊರಗೆ ಹೋಗುತ್ತದೆ, ತಕ್ಕಡಿಯ ಮುಳ್ಳು ಇಳಿಯುತ್ತದೆ. ‘ಒಂದೇ ವಾರದಲ್ಲಿ ಎರಡು ಕಿಲೋ’ ಎಂದು ಹಿಗ್ಗುವವರು ಇಳಿಸಿದ್ದು ಬಹುಪಾಲು ನೀರನ್ನೇ. ಆಮೇಲೆ ಯಕೃತ್ತು ಕೊಬ್ಬನ್ನು ಒಡೆದು ಕೀಟೋನು ಎಂಬ ವಸ್ತುಗಳನ್ನು ಮಾಡುತ್ತದೆ. ಗ್ಲೂಕೋಸನ್ನು ನೆಚ್ಚಿದ ಮಿದುಳು ಇವುಗಳಿಂದಲೂ ಬಹುಮಟ್ಟಿಗೆ ಕೆಲಸ ನಡೆಸಬಲ್ಲದು. ಉಪವಾಸವನ್ನು ತಾಳಿಕೊಳ್ಳಲು ಪ್ರಕೃತಿ ಮಾಡಿಟ್ಟ ಉಪಾಯವಿದು. ಇದನ್ನೇ ಬಳಸಿ ೧೯೨೧ರಲ್ಲಿ ಅಮೆರಿಕದ ರಸೆಲ್ ವೈಲ್ಡರ್ ಎಂಬ ವೈದ್ಯ ಅಪಸ್ಮಾರಕ್ಕೆ ಒಂದು ಪಥ್ಯವನ್ನು ಸೂಚಿಸಿದ. ಔಷಧಕ್ಕೆ ಬಗ್ಗದ ಅಪಸ್ಮಾರವಿರುವ ಮಕ್ಕಳಿಗೆ ಅದು ಈಗಲೂ ಉಪಯೋಗದಲ್ಲಿದೆ.

ಆ ಮಕ್ಕಳಿಂದಲೇ ದೀರ್ಘಕಾಲದ ಫಲದ ಬಗ್ಗೆ ಒಂದು ಎಚ್ಚರಿಕೆ ದೊರೆತಿದೆ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯವರು ಆರು ವರ್ಷಕ್ಕೂ ಹೆಚ್ಚು ಕಾಲ ಈ ಪಥ್ಯದಲ್ಲಿದ್ದ ೨೮ ಮಕ್ಕಳ ಸ್ಥಿತಿಯನ್ನು ೨೦೦೬ರಲ್ಲಿ ಪ್ರಕಟಿಸಿದರು. ರೋಗ ಹತೋಟಿಯಲ್ಲಿತ್ತು; ಆದರೆ ಏಳು ಮಕ್ಕಳಿಗೆ ಮೂತ್ರಪಿಂಡದಲ್ಲಿ ಕಲ್ಲು ಕಟ್ಟಿತ್ತು, ಆರು ಮಕ್ಕಳ ಮೂಳೆ ಮುರಿದಿತ್ತು, ಬಹುಮಂದಿಯ ಬೆಳವಣಿಗೆ ಕುಂಠಿತವಾಗಿತ್ತು. ಅವರು ಕಾಯಿಲೆಯ ಮಕ್ಕಳು, ಬಲವಾದ ಔಷಧಗಳನ್ನು ತಿಂದವರು, ಪಥ್ಯವೂ ಅತಿ ಕಠಿಣ. ಮುದ್ದೆಯನ್ನು ಅರ್ಧ ಮಾಡಿದವನಿಗೆ ಇದೇ ಗತಿ ಎಂದು ಹೇಳಲಾಗದು. ‘ಎಷ್ಟು ಕಾಲ ಮಾಡಿದರೂ ಯಾವ ತೊಂದರೆಯೂ ಇಲ್ಲ’ ಎನ್ನುವವರ ಮಾತು ಮಾತ್ರ ಇದರ ಮುಂದೆ ನಿಲ್ಲುವುದಿಲ್ಲ.

ವಯಸ್ಕರ ವಿಷಯದಲ್ಲಿ ಬಹಳ ಪರೀಕ್ಷೆಗಳು ನಡೆದಿವೆ. ಹೆಚ್ಚಿನವುಗಳ ಆಯುಸ್ಸು ಆರು ತಿಂಗಳು ಅಥವಾ ಒಂದು ವರ್ಷ. ಸಕ್ಕರೆ ಕಾಯಿಲೆಯವರ ಮೇಲೆ ನಡೆದ ಇಂಥ ೨೩ ಪರೀಕ್ಷೆಗಳನ್ನು ೨೦೨೧ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಆರು ತಿಂಗಳಿಗೆ ಈ ಪಥ್ಯದವರಲ್ಲಿ ಹೆಚ್ಚು ಮಂದಿಯ ರಕ್ತದ ಸಕ್ಕರೆ ಹತೋಟಿಗೆ ಬಂದಿತ್ತು. ಅದು ನಿಜವಾದ ಲಾಭ, ಅಲ್ಲಗಳೆಯಬಾರದು. ಆದರೆ ವರ್ಷ ತುಂಬುವ ವೇಳೆಗೆ ಅಂತರ ಕುಗ್ಗಿತ್ತು. ಇಸ್ರೇಲಿನ ದಿಮೋನಾದಲ್ಲಿ ೩೨೨ ಜನರ ಮೇಲೆ ಎರಡು ವರ್ಷ ನಡೆದ ಪರೀಕ್ಷೆಯ ಫಲ ೨೦೦೮ರಲ್ಲಿ ಹೊರಬಂದಿತು. ಶರ್ಕರಪಿಷ್ಟ ಬಿಟ್ಟವರು ೪.೭ ಕಿಲೋ ಇಳಿದಿದ್ದರು, ಕೊಬ್ಬನ್ನು ಕಡಿಮೆ ಮಾಡಿದವರು ೨.೯ ಕಿಲೋ, ಎಣ್ಣೆ, ಕಾಳು, ತರಕಾರಿ, ಮೀನು ತಿನ್ನುವ ಮೆಡಿಟರೇನಿಯನ್ ಕ್ರಮದವರು ೪.೪ ಕಿಲೋ. ಇನ್ನೂ ನಾಲ್ಕು ವರ್ಷ ಕಳೆದು ಅದೇ ಜನರನ್ನು ತೂಗಿದಾಗ ಮೊದಲನೆಯವರಲ್ಲಿ ಉಳಿದಿದ್ದ ಇಳಿಕೆ ೧.೭ ಕಿಲೋ ಮಾತ್ರ; ಮೆಡಿಟರೇನಿಯನ್ ಕ್ರಮದವರಲ್ಲಿ ೩.೧. ಬಿಟ್ಟದ್ದನ್ನು ಮನುಷ್ಯ ಮತ್ತೆ ಹಿಡಿಯುತ್ತಾನೆ. ಪಥ್ಯದ ಪುಸ್ತಕಗಳಲ್ಲಿ ಈ ಎರಡನೆಯ ತೂಕ ಸಾಮಾನ್ಯವಾಗಿ ಕಾಣಸಿಗುವುದಿಲ್ಲ.

ದೀರ್ಘಕಾಲವೆಂದರೆ ನಿಜವಾಗಿ ದೀರ್ಘವಾದ ಸಾಕ್ಷ್ಯ ಅಮೆರಿಕದಿಂದ ಬಂದಿದೆ. ಅಲ್ಲಿ ೪೫ರಿಂದ ೬೪ ವರ್ಷದ ೧೫,೪೨೮ ಮಂದಿಯನ್ನು ಸುಮಾರು ೨೫ ವರ್ಷ ಗಮನಿಸಿ, ೨೦೧೮ರಲ್ಲಿ ಫಲವನ್ನು ಪ್ರಕಟಿಸಿದರು. ಆಹಾರದ ಶಕ್ತಿಯಲ್ಲಿ ಶೇಕಡಾ ೫೦ರಿಂದ ೫೫ರಷ್ಟನ್ನು ಶರ್ಕರಪಿಷ್ಟದಿಂದ ಪಡೆದವರಲ್ಲಿ ಸಾವು ಅತಿ ಕಡಿಮೆ. ೪೦ಕ್ಕಿಂತ ಕಡಿಮೆ ಪಡೆದವರಲ್ಲಿಯೂ ಹೆಚ್ಚು, ೭೦ಕ್ಕಿಂತ ಹೆಚ್ಚು ಪಡೆದವರಲ್ಲಿಯೂ ಹೆಚ್ಚು. ಇದಕ್ಕಿಂತ ಮುಖ್ಯವಾದುದು ಮುಂದಿನ ಮಾತು. ಶರ್ಕರಪಿಷ್ಟವನ್ನು ಬಿಟ್ಟು ಆ ಜಾಗದಲ್ಲಿ ದನ, ಕುರಿ, ಹಂದಿ, ಕೋಳಿಗಳ ಮಾಂಸವನ್ನು ತುಂಬಿದವರಲ್ಲಿ ಸಾವು ಹೆಚ್ಚಿತು. ಕಾಳು, ಬೀಜ, ತರಕಾರಿಗಳನ್ನು ತುಂಬಿದವರಲ್ಲಿ ಕಡಿಮೆಯಾಯಿತು. ಎಂದರೆ ಬಿಟ್ಟದ್ದು ಒಂದೇ ಆದರೂ ಅದರ ಜಾಗಕ್ಕೆ ಬಂದದ್ದು ಬೇರೆ, ಫಲವೂ ಬೇರೆ. ಕೊಲೆಸ್ಟರಾಲಿನ ವಿಷಯವೂ ಹೀಗೆಯೇ. ಈ ಪಥ್ಯದಿಂದ ರಕ್ತದ ಟ್ರೈಗ್ಲಿಸರೈಡು ಇಳಿಯುತ್ತದೆ, ಅದು ಒಳ್ಳೆಯದು. ಆದರೆ ಬೆಣ್ಣೆ, ಕೊಬ್ಬಿನ ಮಾಂಸಗಳ ಮೇಲೆಯೇ ನಿಂತವರಲ್ಲಿ ಕೆಲವರಿಗೆ ಹೃದಯಕ್ಕೆ ಕೇಡಾದ ಕೊಲೆಸ್ಟರಾಲು ಏರುತ್ತದೆ.

ಈ ಸಾಕ್ಷ್ಯದಲ್ಲಿಯೂ ಒಂದು ಬಿರುಕಿದೆ. ಇಷ್ಟು ವರ್ಷಗಳಲ್ಲಿ ಆ ಜನರನ್ನು ‘ಏನು ತಿನ್ನುತ್ತೀರಿ’ ಎಂದು ಕೇಳಿದ್ದು ಎರಡೇ ಸಲ. ಮಾಂಸ ಹೆಚ್ಚು ತಿನ್ನುವವನಿಗೆ ಬೇರೆ ದುರಭ್ಯಾಸಗಳೂ ಇದ್ದಿರಬಹುದು. ಲೆಕ್ಕಾಚಾರದಿಂದ ಅದನ್ನೆಲ್ಲ ಪೂರ್ತಿಯಾಗಿ ತೆಗೆಯಲಾಗದು. ಭಾರತವೂ ಸೇರಿದಂತೆ ೧೮ ದೇಶಗಳ ೧,೩೫,೩೩೫ ಜನರನ್ನು ಸುಮಾರು ಏಳು ವರ್ಷ ಗಮನಿಸಿ ೨೦೧೭ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಬೇರೆ ತುದಿಯನ್ನು ಒತ್ತಿಹೇಳಿತು: ಶಕ್ತಿಯ ಮುಕ್ಕಾಲು ಪಾಲನ್ನು ಶರ್ಕರಪಿಷ್ಟದಿಂದಲೇ ಪಡೆಯುವವರಲ್ಲಿ ಸಾವು ಹೆಚ್ಚು. ಇವೆರಡನ್ನೂ ಕೆಲವರು ಒಂದಕ್ಕೊಂದು ವಿರುದ್ಧವೆಂದು ಜಗಳಕ್ಕೆ ಹಚ್ಚುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಅಮೆರಿಕದವನ ತಟ್ಟೆ ಒಂದು ಕಡೆ ವಾಲಿದೆ, ನಮ್ಮದು ಮತ್ತೊಂದು ಕಡೆ.

ನಮ್ಮದು ವಾಲಿರುವುದಂತೂ ನಿಜ. ಭಾರತೀಯರ ಆಹಾರದ ಶಕ್ತಿಯಲ್ಲಿ ಶೇಕಡಾ ೬೨ ಶರ್ಕರಪಿಷ್ಟದಿಂದ ಬರುತ್ತದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯೊಂದು ೨೦೨೫ರಲ್ಲಿ ತಿಳಿಸಿತು. ದೇಶದಲ್ಲಿ ೧೦ ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆ ಎಂಬುದು ಅದೇ ಸಮೀಕ್ಷೆಯ ೨೦೨೩ರ ವರದಿ. ಹೊಲದಲ್ಲಿ ಬೆಳಗಿನಿಂದ ಸಂಜೆಯವರೆಗೆ ಗುದ್ದಲಿ ಹಿಡಿದವನಿಗೆ ಎರಡು ಮುದ್ದೆ ಸಲ್ಲುತ್ತಿತ್ತು. ಅದೇ ಎರಡು ಮುದ್ದೆಯನ್ನು ಉಂಡು ಕುರ್ಚಿಯ ಮೇಲೆ ಕುಳಿತವನಿಗೆ ಸಲ್ಲುವುದಿಲ್ಲ. ಆದ್ದರಿಂದ ಕಡಿಮೆ ಮಾಡಬೇಕೆಂಬ ಮಾತು ನಮಗೆ ಹೊಂದುತ್ತದೆ. ಪೂರ್ತಿ ಬಿಡಬೇಕೆಂಬ ಮಾತು ಬೇರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ೨೦೨೪ರಲ್ಲಿ ಹೇಳಿದ್ದು ಧಾನ್ಯಗಳಿಂದ ಬರುವ ಶಕ್ತಿ ಶೇಕಡಾ ೪೫ನ್ನು ಮೀರದಿರಲಿ ಎಂದು. ಅಕ್ಕಿಯ ಬದಲು ಸಿರಿಧಾನ್ಯದ ಹಿಟ್ಟು ತಿಂದರೆ ಸಾಕು ಎಂಬ ನಂಬಿಕೆಯೂ ನಮ್ಮಲ್ಲಿ ಬಲವಾಗಿದೆ. ೨೦೨೫ರ ಆ ವರದಿಯ ಪ್ರಕಾರ ಒಟ್ಟು ಪ್ರಮಾಣ ಇಳಿಯದೆ ಹಿಟ್ಟು ಬದಲಾದರೆ ಪ್ರಯೋಜನ ಕಾಣುವುದಿಲ್ಲ. ಶರ್ಕರಪಿಷ್ಟದ ಒಂದು ಸಣ್ಣ ಪಾಲಿನ ಜಾಗಕ್ಕೆ ಕಾಳು ಬೇಳೆ, ಹಾಲು ಮೊಸರುಗಳು ಬಂದಲ್ಲಿ ಅಪಾಯ ಕಡಿಮೆ.

ರಾಗಿಯ ವಿಷಯವನ್ನು ಸ್ವಲ್ಪ ಬಿಡಿಸಿ ನೋಡಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು ೬೭ ಗ್ರಾಂ ಶರ್ಕರಪಿಷ್ಟವಿದೆ. ಕಠಿಣ ಪಥ್ಯದವರು ದಿನಕ್ಕೆ ೨೦ರಿಂದ ೫೦ ಗ್ರಾಂ ಎನ್ನುತ್ತಾರೆ. ಒಂದು ಮುದ್ದೆಗೇ ಆ ದಿನದ ಲೆಕ್ಕ ಮುಗಿದುಹೋಯಿತು. ತೊಗರಿಬೇಳೆ, ಹುರುಳಿಗಳಲ್ಲಿಯೂ ಅರ್ಧಕ್ಕಿಂತ ಹೆಚ್ಚು ಇರುವುದು ಅದೇ ವಸ್ತು. ಹೀಗಾಗಿ ಶಾಕಾಹಾರದ ಮನೆಯಲ್ಲಿ ಈ ಕಠಿಣ ಪಥ್ಯವನ್ನು ಸಾಧಿಸುವುದೆಂದರೆ ಪನೀರು, ಬಾದಾಮಿಗಳ ಮೇಲೆ ಬದುಕುವುದು. ಅದಕ್ಕೆ ಬೇಕಾದ ಹಣ ನಮ್ಮ ಬಹುಪಾಲು ಮನೆಗಳಲ್ಲಿಲ್ಲ. ಇಷ್ಟೇ ಅಲ್ಲ; ಅದೇ ನೂರು ಗ್ರಾಂ ರಾಗಿಯಲ್ಲಿ ೧೧ ಗ್ರಾಂ ನಾರು, ೩೬೪ ಮಿಲಿಗ್ರಾಂ ಸುಣ್ಣದ ಅಂಶವೂ ಇವೆ. ಹಾಲನ್ನು ಡೈರಿಗೆ ಹಾಕಿ ತಾವು ಕಪ್ಪು ಕಾಫಿ ಕುಡಿಯುವ ಮನೆಗಳುಂಟು. ಅಂಥಲ್ಲಿ ಮನೆಯ ಹೆಂಗಸು ಮುದ್ದೆಯನ್ನು ಬಿಟ್ಟರೆ ಮೂಳೆಗೆ ಬೇಕಾದ ಸುಣ್ಣ ಎಲ್ಲಿಂದ ಬರಬೇಕು? ಇದರ ಲೆಕ್ಕ ಒಂದು ವರ್ಷದ ಪರೀಕ್ಷೆಯಲ್ಲಿ ಕಾಣುವುದಿಲ್ಲ, ಅರವತ್ತನೆಯ ವಯಸ್ಸಿನಲ್ಲಿ ಬಿದ್ದಾಗ ಕಾಣುತ್ತದೆ. ಎರಡು ಮುದ್ದೆ ಒಂದಾಗಿ, ಒಂದು ಸೌಟು ಸಾರು ಎರಡು ಸೌಟು ಬಸ್ಸಾರೋ ಹುರುಳಿಕಾಳಿನ ಸಾರೋ ಆಗಿ, ಜೊತೆಗೆ ಸೊಪ್ಪಿನ ಪಲ್ಯ, ಒಂದು ಲೋಟ ಮಜ್ಜಿಗೆ, ಒಗ್ಗುವವರಿಗೆ ಒಂದು ಮೊಟ್ಟೆ ಸೇರಿದರೆ ಮೇಲೆ ಹೇಳಿದ ಅಂಕಿಗಳ ಹತ್ತಿರಕ್ಕೆ ಬರಬಹುದು. ಅದಕ್ಕೂ ಖರ್ಚಿದೆ, ಪಡಿತರದ ಅಕ್ಕಿಯಷ್ಟು ಸುಲಭವಾಗಿ ಬೇಳೆ ಕೈಗೆ ಬರುವುದಿಲ್ಲ.

ನಮ್ಮಲ್ಲಿ ಅನೇಕರ ಮನೆಗಳಲ್ಲಿ ಔಷಧದ ಚೀಟಿಯನ್ನು ಓದಬಲ್ಲವರು ನಾವೊಬ್ಬರೇ. ಊರಿಗೆ ಹೋದಾಗ ದೊಡ್ಡಪ್ಪನೋ ಅತ್ತೆಯೋ, ‘ನೀನು ಓದಿದವನಲ್ಲಪ್ಪ, ಅನ್ನ ಬಿಟ್ಟರೆ ಸಕ್ಕರೆ ಕಾಯಿಲೆ ಹೋಗುತ್ತಂತಲ್ಲ, ನಿಜವೇ?’ ಎಂದು ಕೇಳುತ್ತಾರೆ. ಆಗ ಮೊದಲು ನೋಡಬೇಕಾದದ್ದು ತಟ್ಟೆಯನ್ನಲ್ಲ, ಮಾತ್ರೆಯ ಚೀಟಿಯನ್ನು. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರು ಔಷಧವನ್ನು ಹಾಗೆಯೇ ಇಟ್ಟುಕೊಂಡು ಮುದ್ದೆಯನ್ನು ಮಾತ್ರ ಬಿಟ್ಟರೆ ರಕ್ತದ ಸಕ್ಕರೆ ಕುಸಿಯುತ್ತದೆ. ಬೆವರು, ನಡುಕ, ಕಣ್ಣು ಕತ್ತಲೆ, ಕಡೆಗೆ ಎಚ್ಚರ ತಪ್ಪುವುದು. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆಗಳನ್ನು ತೆಗೆದುಕೊಳ್ಳುವವರು ಶರ್ಕರಪಿಷ್ಟವನ್ನು ತೀರ ಬಿಟ್ಟರೆ ಕೀಟೋನುಗಳು ಮಿತಿಮೀರಿ ರಕ್ತ ಆಮ್ಲವಾಗಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಅದರ ಲಕ್ಷಣ. ಸಕ್ಕರೆಯ ಅಂಕಿ ಅಷ್ಟೇನೂ ಹೆಚ್ಚಿರದಿದ್ದರೂ ಇದು ಬರುತ್ತದೆ, ಹಾಗಾಗಿ ಮನೆಯವರು ಮೋಸಹೋಗುತ್ತಾರೆ. ಮೂತ್ರಪಿಂಡ ಆಗಲೇ ಸೋತವರಿಗೆ ಮಾಂಸ ಮೊಟ್ಟೆಗಳ ರಾಶಿ ಹೊರೆಯಾಗುತ್ತದೆ. ಗರ್ಭಿಣಿಯರಿಗೆ ಈ ಪಥ್ಯ ತಕ್ಕುದಲ್ಲ. ಊಟವನ್ನು ಇಷ್ಟು ಬದಲಾಯಿಸುತ್ತೇನೆ ಎಂದು ವೈದ್ಯರಿಗೆ ಮುಂಚೆಯೇ ಹೇಳಿದರೆ ಅವರು ಮಾತ್ರೆಯನ್ನು ಇಳಿಸಿಯೋ ಬದಲಿಸಿಯೋ ಕೊಡುತ್ತಾರೆ. ಆಸ್ಪತ್ರೆಗೆ ಹೋಗುವಾಗ ಚೀಟಿಯ ಜೊತೆಗೆ ಒಂದು ವಾರ ತಿಂದದ್ದನ್ನೆಲ್ಲ ಬರೆದ ಕಾಗದವನ್ನೂ ನಾವು ಅವರ ಕೈಯಲ್ಲಿ ಕೊಟ್ಟು ಕಳಿಸಬಹುದು.