ಸಂಶೋಧನೆಯ ಆರಂಭಿಕ ಚಾಲನೆ: ಶಾಸನ ಮತ್ತು ಜಾನಪದ

ಒಂದು ಅಧ್ಯಯನ ಕ್ಷೇತ್ರದ ಆರಂಭವನ್ನು ಅದರ ಮೊದಲ ಪ್ರಕಟಣೆಯ ವರ್ಷದಿಂದ ಗುರುತಿಸುವುದು ವಾಡಿಕೆ. ಆದರೆ ಆ ಪ್ರಕಟಣೆಯಿಂದ ದೊರೆತ ಚಾಲನೆ ಉಳಿಯಿತೇ ಎಂಬುದು ಬೇರೆಯೇ ಪ್ರಶ್ನೆ. ಕನ್ನಡದ ಎರಡು ಕ್ಷೇತ್ರಗಳನ್ನು ಹೋಲಿಸಿದಾಗ ಇದು ಸ್ಪಷ್ಟವಾಗುತ್ತದೆ.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ 144 ಶಾಸನಗಳನ್ನು ಬಿ.ಎಲ್. ರೈಸ್ 1889ರಲ್ಲಿ ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ ಈ ಸಂಖ್ಯೆ 500ಕ್ಕೇರಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ 1973ರ ಆವೃತ್ತಿಯಲ್ಲಿ 573 ಆಯಿತು. ವಿದ್ವಾಂಸರು ಬದಲಾದರೂ ಮೊದಲು ಪುರಾತತ್ವ ಇಲಾಖೆ, ಅನಂತರ ವಿಶ್ವವಿದ್ಯಾನಿಲಯ ಈ ಕಾರ್ಯವನ್ನು ವಹಿಸಿಕೊಂಡವು.

ಜಾನಪದದಲ್ಲಿ ಹೀಗಾಗಲಿಲ್ಲ. ಜೆ.ಎಫ್. ಫ್ಲೀಟ್ 1885ರಲ್ಲಿಯೇ ಕನ್ನಡ ಲಾವಣಿಗಳನ್ನು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸತೊಡಗಿದ್ದರು. ಆದರೂ ಜನಪದ ಗೀತೆಗಳತ್ತ ಕನ್ನಡ ವಿದ್ವಲ್ಲೋಕ ವ್ಯಾಪಕವಾಗಿ ತಿರುಗಿದ್ದು 1931ರಲ್ಲಿ ಹಲಸಂಗಿ ಗೆಳೆಯರ ‘ಗರತಿಯ ಹಾಡು’ ಹೊರಬಂದ ಮೇಲೆಯೇ. ಮೊದಲ ಚಾಲನೆಯನ್ನು ಹಿಡಿದು ಮುಂದುವರಿಸುವ ಸಂಸ್ಥೆಯ ಆಶ್ರಯ ಅದಕ್ಕಿರಲಿಲ್ಲ.

ಈ ವ್ಯತ್ಯಾಸದ ಪರಿಣಾಮವೂ ಸಮಾನವಲ್ಲ. ಓದದೆ ಬಿಟ್ಟ ಶಾಸನವನ್ನು ಮುಂದಿನ ತಲೆಮಾರು ಓದಬಹುದು; ಕೇಳದೆ ಬಿಟ್ಟ ಹಾಡು ಹಾಡುಗಾರ್ತಿಯೊಂದಿಗೇ ಹೋಗುತ್ತದೆ. ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಕ್ಕಿದ ಹಾಸನ ಸಮೀಪದ ಶೆಟ್ಟಿಹಳ್ಳಿಯಲ್ಲಿ ಹಳೆಯ ಚರ್ಚಿನ ಅವಶೇಷವನ್ನು ಇಂದಿಗೂ ಕಾಣಬಹುದು. ಊರು ಬಿಟ್ಟವರ ಹಾಡು, ಹೊಲದ ಹೆಸರು, ಹಬ್ಬದ ನೆನಪುಗಳಿಗೆ ಅಂತಹ ಗೋಡೆಗಳಿಲ್ಲ.

ಆದ್ದರಿಂದ ಕ್ಷೇತ್ರಕಾರ್ಯವನ್ನು ಆರಂಭಿಸುವ ವಿಭಾಗಗಳು, ಸಂಗ್ರಹವಾದುದನ್ನು ಅನಂತರ ಯಾರು ಕಾಪಾಡಿ ಬೆಳೆಸಬೇಕೆಂಬುದನ್ನೂ ಮೊದಲೇ ನಿರ್ಧರಿಸುವುದು ಅಗತ್ಯ.